ಮಾಳಿಗೆಯ ಮೇಲಿನ ಕಾವಲು

ಯುದ್ಧಕಾಲದ ಧೈರ್ಯವೆಂದರೆ ಬಂದೂಕು ಹಿಡಿದವನದೇ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಲಂಡನ್ ನಗರದ ಮೇಲೆ ಬಾಂಬು ಸುರಿಸಿದಾಗ ಅಲ್ಲಿನ ಗುಮಾಸ್ತರು, ಟೈಪಿಸ್ಟರು, ಅಂಗಡಿಯ ನೌಕರರು ತೋರಿದ ಧೈರ್ಯ ಬೇರೊಂದು ಬಗೆಯದು. ಲೇಖಣಿ ಹಿಡಿದು ಹೊಟ್ಟೆ ಹೊರೆಯುವ ನಮ್ಮಂಥವರು ತಿಳಿಯತಕ್ಕ ವಿಷಯವೆಂದು ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ.

ದಾಳಿ ಆರಂಭವಾದದ್ದು 1940ರ ಸೆಪ್ಟೆಂಬರ್ 7ರಂದು. ಮೊದಲ ಎರಡು ತಿಂಗಳು ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ವಿಮಾನಗಳು ಬಂದವು. 1941ರ ಮೇ ತಿಂಗಳವರೆಗೆ ಬ್ರಿಟನ್ನಿನಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ಕ್ಕೂ ಹೆಚ್ಚು. ನೆಲದಡಿಯ ರೈಲು ನಿಲ್ದಾಣಗಳನ್ನು ಆಶ್ರಯಕ್ಕೆ ಬಳಸಕೂಡದೆಂದು ಸರಕಾರ ಮೊದಲು ಹೇಳಿತ್ತು. ಜನರು ಟಿಕೆಟು ಕೊಂಡು ಒಳಗಿಳಿದು ಅಲ್ಲಿಯೇ ಮಲಗಿದರು, ಸರಕಾರವೇ ಮಣಿಯಬೇಕಾಯಿತು.

ಪಟ್ಟಣಕ್ಕೆ ದೊಡ್ಡ ಬಾಂಬಿನಷ್ಟೇ ಅಪಾಯಕಾರಿಯಾದದ್ದು ಚಿಕ್ಕ ಬೆಂಕಿಬಾಂಬು. ತೂಕ ಒಂದು ಕಿಲೋ, ಉದ್ದ ಒಂದು ಅಡಿಗಿಂತ ತುಸು ಹೆಚ್ಚು. ಮೆಗ್ನೀಸಿಯಂ ಲೋಹದ ಕೊಳವೆ, ಒಳಗೆ ಥರ್ಮೈಟ್ ಎಂಬ ಮದ್ದು. ಬಿದ್ದ ಒಂದೆರಡು ನಿಮಿಷದೊಳಗೆ ಹತ್ತಿರ ಮನುಷ್ಯನಿದ್ದರೆ ಒಂದು ಚೀಲ ಮರಳಿನಿಂದ ಅದನ್ನು ಅಡಗಿಸಬಹುದು. ಯಾರೂ ಇಲ್ಲದಿದ್ದರೆ ತೊಲೆಗಳಿಗೆ ಬೆಂಕಿ ತಗಲಿ ಇಡೀ ಕಟ್ಟಡವೇ ಹೋಗುತ್ತದೆ. ಹತ್ತಿದ ಬೆಂಕಿಯನ್ನು ಆರಿಸಲು ಬಕೆಟ್ಟಿನಲ್ಲಿ ನಿಲ್ಲಿಸುವ ಕೈಪಂಪು ಇತ್ತು. ಒಬ್ಬನು ಅದನ್ನು ಕಾಲಿನಿಂದ ಮೆಟ್ಟಿ ಹಿಡಿದು ಕೈಯಿಂದ ಒತ್ತಬೇಕು. ಇನ್ನೊಬ್ಬನು ಹೊಗೆಯ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತ ನಳಿಕೆ ಹಿಡಿಯಬೇಕು. ಮೂರನೆಯವನು ನೀರು ತರಬೇಕು. ಮುಂದೆ ಕೆಲವು ಬೆಂಕಿಬಾಂಬುಗಳಲ್ಲಿ ಸಿಡಿಮದ್ದನ್ನೂ ಸೇರಿಸತೊಡಗಿದರು. ಯಾವುದು ಬರಿದೆ ಉರಿಯುವುದು, ಯಾವುದು ಮುಖದೆದುರಿಗೇ ಸಿಡಿಯುವುದು ಎಂದು ತೆವಳುವವನಿಗೆ ತಿಳಿಯುವಂತಿರಲಿಲ್ಲ.

1940ರ ಡಿಸೆಂಬರ್ 29 ಭಾನುವಾರ. ಲಂಡನ್ನಿನ ವ್ಯಾಪಾರಕೇಂದ್ರವಾದ ‘ಸಿಟಿ’ ಭಾಗದಲ್ಲಿ ಕಚೇರಿಗಳಿಗೆ ಬೀಗ ಬಿದ್ದಿತ್ತು, ಎಷ್ಟೋ ಮಾಳಿಗೆಗಳ ಮೇಲೆ ಕಾವಲೇ ಇರಲಿಲ್ಲ. ಸಂಜೆ ಆರು ದಾಟಿದ ಮೇಲೆ ಬೆಂಕಿಬಾಂಬುಗಳ ಮಳೆ ಶುರುವಾಯಿತು. ನೀರಿನ ಕೊಳವೆಗಳು ಒಡೆದವು. ಥೇಮ್ಸ್ ನದಿಯಲ್ಲೋ ಇಳಿತದ ಹೊತ್ತು. ಪಂಪುಗಳಿಗೆ ನೀರು ಎಟುಕದು. ಪುಸ್ತಕ ವ್ಯಾಪಾರದ ಬೀದಿಯಾದ ಪ್ಯಾಟರ್‌ನಾಸ್ಟರ್ ರೋದಲ್ಲಿ ಲಕ್ಷಗಟ್ಟಲೆ ಪುಸ್ತಕಗಳು ಬೂದಿಯಾದವು. ಇಲ್ಲಿ ಒಂದು ಕಪಾಟು ಪುಸ್ತಕ ಕೂಡಿಸಲು ನಾವು ಪಡುವ ಪಾಡನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಆ ಬೀದಿಯ ಪಕ್ಕದಲ್ಲಿಯೇ ಇದ್ದ ಸೇಂಟ್ ಪಾಲ್ಸ್ ಇಗರ್ಜಿ ಉಳಿಯಿತು. ಅಲ್ಲಿ ಕಾವಲಿತ್ತು. ಇಗರ್ಜಿಯ ಉಸ್ತುವಾರಿಯ ವಾಸ್ತುಶಿಲ್ಪಿ ಗಾಡ್‌ಫ್ರೆ ಅಲೆನ್ ಅವರ ಕೈಕೆಳಗೆ ಸ್ವಯಂಸೇವಕರ ದಳವಿದ್ದಿತು. ಕಟ್ಟಡದ ಸಂದುಗೊಂದುಗಳನ್ನು ಕತ್ತಲಲ್ಲಿಯೂ ಬಲ್ಲವರಾಗುವಂತೆ ಅವರು ತರಬೇತು ಪಡೆದಿದ್ದರು. ಒಂದು ಬಾಂಬು ಗುಮ್ಮಟದ ಸೀಸದ ಹೊದಿಕೆಯಲ್ಲಿ ಸಿಕ್ಕಿಕೊಂಡು ಉರಿಯತೊಡಗಿತು. ಹೊದಿಕೆಯಡಿಯಲ್ಲಿದ್ದುದು ಮರದ ಚೌಕಟ್ಟು. ಅದೃಷ್ಟವಶಾತ್ ಬಾಂಬು ಹೊರಕ್ಕೆ, ಕಲ್ಲಿನ ಮೊಗಸಾಲೆಗೆ ಉರುಳಿತು. ಅಲ್ಲಿ ಅದನ್ನು ನಂದಿಸಿದರು. ಅದೃಷ್ಟದ ಪಾಲು ಇದರಲ್ಲಿ ಉಂಟು, ಅಲ್ಲವೆನ್ನುವುದಿಲ್ಲ. ಆದರೆ ಉರುಳಿದ ಕಡೆ ಮನುಷ್ಯರಿದ್ದರೆಂಬುದು ಅದೃಷ್ಟವಲ್ಲ.

ಇದಾದ ಮೇಲೆ 1941ರ ಜನವರಿಯಲ್ಲಿ ಬೆಂಕಿ ಕಾವಲನ್ನು ಕಡ್ಡಾಯ ಮಾಡಲಾಯಿತು. 16ರಿಂದ 60 ವಯಸ್ಸಿನ ಗಂಡಸರು ತಿಂಗಳಿಗೆ 48 ಗಂಟೆಯವರೆಗೆ ಕಾಯಬೇಕು. 1942ರಲ್ಲಿ ಹೆಂಗಸರನ್ನೂ ಸೇರಿಸಿದರು. ರಾತ್ರಿ ಮಾಳಿಗೆಯ ಮೇಲೆ ಟೋಪಿ, ಬಕೆಟ್ಟು. ಬೆಳಗಾದರೆ ಅದೇ ಕುರ್ಚಿ, ಅದೇ ಲೆಕ್ಕದ ಪುಸ್ತಕ. ತಪ್ಪಿಸಿಕೊಳ್ಳಲು ನೆವ ಹುಡುಕಿದವರೂ ಇದ್ದರು. ಮುರಿದ ಮನೆಗಳನ್ನು ದೋಚಿದವರೂ ಇದ್ದರು. ಊರಿಗೆ ಊರೇ ವೀರರಾಗಿತ್ತೆಂದು ಹೇಳಿದರೆ ನಿಜವಾಗಿ ಕಾದು ಕುಳಿತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಧೈರ್ಯವಿದ್ದರೂ ಎಲ್ಲವೂ ಉಳಿಯಲಿಲ್ಲ. 1941ರ ಮೇ 10ರ ರಾತ್ರಿ ನದಿ ಮತ್ತೆ ಇಳಿದಿತ್ತು. ಆ ಒಂದೇ ದಾಳಿಯಲ್ಲಿ 1,400ಕ್ಕೂ ಹೆಚ್ಚು ಜನರು ಸತ್ತರು, ಪಾರ್ಲಿಮೆಂಟಿನ ಕೆಳಮನೆಯ ಸಭಾಂಗಣ ಸುಟ್ಟಿತು, ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಸುಮಾರು ಎರಡೂವರೆ ಲಕ್ಷ ಪುಸ್ತಕಗಳು ನಾಶವಾದವು. ಮರುದಿನ ಸಂಜೆ ಕತ್ತಲಾಗುವ ಮುಂಚೆ ಕಾವಲಿನವರು ಬಕೆಟ್ಟುಗಳನ್ನು ತುಂಬಿಸಿಕೊಂಡು ಮತ್ತೆ ಮಾಳಿಗೆ ಹತ್ತಿದರು.