ತಪ್ಪನ್ನು ತಿಳಿಸುವ ಬಗೆ

ರೋಗಿಯೊಬ್ಬನು ವೈದ್ಯರ ಬಳಿಗೆ ಹೋಗಿ "ನನಗೆ ಮೈ ಸರಿಯಿಲ್ಲ" ಎಂದಷ್ಟೇ ಹೇಳಿ ಸುಮ್ಮನೆ ಕುಳಿತರೆ, ಎಂತಹ ನುರಿತ ವೈದ್ಯರೂ ಔಷಧ ಕೊಡಲಾರರು. ನೋವು ಎಲ್ಲಿ, ಎಂದಿನಿಂದ, ಏನು ತಿಂದ ಮೇಲೆ ಬಂತು ಎಂಬುದು ಅವರಿಗೆ ತಿಳಿಯಬೇಕು. ಗಣಕಯಂತ್ರದ ವಿಷಯವೂ ಹೀಗೆಯೇ. ಗ್ರಹಗಳ ಚಲನೆಯಿಂದ ಮಳೆಯ ಮುನ್ಸೂಚನೆಯವರೆಗೆ ಇಂದಿನ ವಿಜ್ಞಾನದ ಲೆಕ್ಕಗಳೆಲ್ಲವೂ ಗಣಕವನ್ನು ನೆಚ್ಚಿವೆ. ಆ ಲೆಕ್ಕದಲ್ಲಿ ತಪ್ಪು ನುಸುಳಿದಾಗ, ಅದನ್ನು ತಿದ್ದಬಲ್ಲವರಿಗೆ ಸರಿಯಾಗಿ ತಿಳಿಸುವುದೂ ಒಂದು ವಿದ್ಯೆ. ಅಮೆರಿಕದ ಗಣಿತದ ಅಧ್ಯಾಪಕರೊಬ್ಬರು 1994ರಲ್ಲಿ ಬರೆದ ಪತ್ರವೊಂದು ಆ ವಿದ್ಯೆಗೆ ಮಾದರಿಯಾಗಿದೆ.

ಅವರ ಹೆಸರು ಥಾಮಸ್ ನೈಸ್ಲಿ. ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು. 3 ಮತ್ತು 5, 11 ಮತ್ತು 13 ಇವುಗಳಂತೆ ಎರಡರ ಅಂತರವುಳ್ಳ ಅವಿಭಾಜ್ಯ ಸಂಖ್ಯೆಗಳಿಗೆ ಅವಳಿ ಅವಿಭಾಜ್ಯಗಳೆಂದು ಹೆಸರು. ಒಂದನ್ನು ಅಂತಹ ಪ್ರತಿಯೊಂದು ಸಂಖ್ಯೆಯಿಂದ ಭಾಗಿಸಿ, ಬಂದ ಫಲಗಳನ್ನು ಕೂಡಿಸುತ್ತ ಹೋಗುವುದು ಅವರ ಸಂಶೋಧನೆಯಾಗಿತ್ತು. ಹಲವು ಗಣಕಗಳು ಈ ಕೆಲಸದಲ್ಲಿ ತೊಡಗಿದ್ದವು. ಇಂಟೆಲ್ ಕಂಪನಿಯ ಪೆಂಟಿಯಂ ಪ್ರೊಸೆಸರ್ ಉಳ್ಳ ಹೊಸ ಗಣಕವೊಂದು ಆ ವರ್ಷ ಅವುಗಳ ಜೊತೆಗೂಡಿತು. ಜೂನ್ ತಿಂಗಳಲ್ಲಿ ನೋಡಿದರೆ, ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ!

ಬೇರೆಯವರಾಗಿದ್ದರೆ "ಯಂತ್ರ ಕೆಟ್ಟಿದೆ" ಎಂದು ಅಂದೇ ದೂರು ಬರೆಯುತ್ತಿದ್ದರೇನೋ. ನೈಸ್ಲಿಯವರು ಹಾಗೆ ಮಾಡಲಿಲ್ಲ. ತಪ್ಪು ತಮ್ಮ ಲೆಕ್ಕದ್ದೇ ಇರಬಹುದೆಂದು ಪರೀಕ್ಷಿಸಿದರು. ಬಳಸಿದ ತಂತ್ರಾಂಶವನ್ನು ಶಂಕಿಸಿದರು. ಗಣಕದ ಇತರ ಭಾಗಗಳನ್ನು ಶಂಕಿಸಿದರು. ಒಂದೊಂದಾಗಿ ಎಲ್ಲ ಸಂದೇಹಗಳನ್ನೂ ಕಳೆಯುತ್ತ ಬಂದಾಗ, ನಾಲ್ಕು ತಿಂಗಳ ಬಳಿಕ ಉಳಿದದ್ದು ಪ್ರೊಸೆಸರ್ ಒಂದೇ. ಅದು ಭಾಗಾಕಾರದಲ್ಲಿಯೇ ತಪ್ಪುತ್ತಿತ್ತು.

ಅವರು ಮೊದಲು ಕಂಪನಿಗೆ ವಿಷಯ ತಿಳಿಸಿದರು. ಅನಂತರ ಅಕ್ಟೋಬರ್ 30ರಂದು ಹಲವರಿಗೆ ಪತ್ರ ಬರೆದರು. ಆ ಪತ್ರದಲ್ಲಿ ಕೋಪವಿರಲಿಲ್ಲ, ನಿಂದೆಯಿರಲಿಲ್ಲ, ಒಂದು ಲೆಕ್ಕವಿತ್ತು. ಒಂದನ್ನು 824633702441ರಿಂದ ಭಾಗಿಸಿ, ಬಂದ ಫಲವನ್ನು ಅದೇ ಸಂಖ್ಯೆಯಿಂದ ಗುಣಿಸಿದರೆ ಮತ್ತೆ ಒಂದೇ ಬರಬೇಕು. ಪೆಂಟಿಯಂ ಕೊಟ್ಟ ಉತ್ತರ 0.999999996274709702. ಯಾವ ಯಂತ್ರಗಳಲ್ಲಿ ಈ ದೋಷ ಕಂಡಿತು, ಯಾವುವುಗಳಲ್ಲಿ ಕಾಣಲಿಲ್ಲ ಎಂಬುದನ್ನೂ ಅವರು ತಿಳಿಸಿದ್ದರು. ಗಣಕದಲ್ಲಿಯೇ ಇರುವ ಕ್ಯಾಲ್ಕ್ಯುಲೇಟರಿನಿಂದ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದೆಂದೂ ಸೂಚಿಸಿದ್ದರು.

ಪತ್ರದ ಬಲವಿದ್ದುದು ಇಲ್ಲಿಯೇ. ಓದಿದವರು ನೈಸ್ಲಿಯವರ ಮಾತನ್ನು ನಂಬಬೇಕಾಗಿರಲಿಲ್ಲ; ತಮ್ಮ ಕಣ್ಣಿನಿಂದಲೇ ತಪ್ಪನ್ನು ಕಂಡರು. ಸಾಮಾನ್ಯ ಬಳಕೆಯಲ್ಲಿ ಇಂತಹ ತಪ್ಪು ಅತಿ ವಿರಳವೆಂದು ಕಂಪನಿಯು ಮೊದಲಿಗೆ ಸಮಾಧಾನ ಹೇಳಿತು. ಆದರೆ ಡಿಸೆಂಬರ್ 20ರಂದು, ಕೇಳಿದವರೆಲ್ಲರಿಗೂ ಪ್ರೊಸೆಸರನ್ನು ಬದಲಾಯಿಸಿಕೊಡಲು ಒಪ್ಪಿತು. ಅದಕ್ಕಾಗಿ ಕಂಪನಿಯು ತೆಗೆದಿರಿಸಿದ ಹಣ 47.5 ಕೋಟಿ ಡಾಲರ್. ಭಾಗಾಕಾರಕ್ಕೆ ಬೇಕಾದ ಕೋಷ್ಟಕದಲ್ಲಿ ಕೆಲವು ಅಂಕಿಗಳು ಬಿಟ್ಟುಹೋಗಿದ್ದುದೇ ಈ ದೋಷದ ಮೂಲವಾಗಿತ್ತು.

ತಪ್ಪನ್ನು ತಿಳಿಸುವವರು ನಾಲ್ಕು ಸಂಗತಿಗಳನ್ನು ಮರೆಯಬಾರದು: ತಾನು ಏನು ಮಾಡಿದೆ, ಏನನ್ನು ನಿರೀಕ್ಷಿಸಿದೆ, ಬದಲಿಗೆ ಏನಾಯಿತು, ಯಾವ ಯಂತ್ರದಲ್ಲಿ ಮತ್ತು ತಂತ್ರಾಂಶದ ಯಾವ ಆವೃತ್ತಿಯಲ್ಲಿ ಹಾಗಾಯಿತು. ಪರದೆಯ ಮೇಲೆ ಮೂಡಿದ ಸಂದೇಶವನ್ನು ಅಕ್ಷರಶಃ ಬರೆಯಬೇಕು. ಸಾವಿರ ಸಾಲಿನ ಲೆಕ್ಕವನ್ನು ಒಪ್ಪಿಸದೆ, ತಪ್ಪನ್ನು ತೋರಿಸುವ ಅತಿ ಚಿಕ್ಕ ಉದಾಹರಣೆಯನ್ನು ಆರಿಸಿಕೊಡಬೇಕು. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬಾರದು.

ವಿಜ್ಞಾನದ ಎಷ್ಟೋ ತಂತ್ರಾಂಶಗಳನ್ನು ಕಾಪಾಡುತ್ತಿರುವವರು ಸಂಶೋಧಕರೇ. ಹಲವರು ಪ್ರತಿಫಲವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುತ್ತಾರೆ. "ಕೆಲಸ ಮಾಡುತ್ತಿಲ್ಲ" ಎಂಬ ಒಂದು ಸಾಲಿನ ದೂರು ಅವರ ಬಿಡುವನ್ನು ಕದಿಯುತ್ತದೆ. ಸ್ಪಷ್ಟವಾದ ವರದಿ ಅವರ ಅರ್ಧ ಕೆಲಸವನ್ನು ಮುಗಿಸಿಕೊಡುತ್ತದೆ. ಇತರರ ತಪ್ಪನ್ನು ಎತ್ತಿ ತೋರುವ ಮೊದಲು ತನ್ನ ಕೆಲಸವನ್ನು ಒರೆಗೆ ಹಚ್ಚಿ ನೋಡಿದವನ ಮಾತಿಗೆ ಲೋಕವು ಕಿವಿಗೊಡುತ್ತದೆ.

ಅಭ್ಯಾಸ

1. ಕಂಪನಿಗೆ ತಿಳಿಸುವ ಮೊದಲು ನೈಸ್ಲಿಯವರು ಏನೇನನ್ನು ಪರೀಕ್ಷಿಸಿದರು?
2. ಅವರ ಪತ್ರದ ಬಲ ಯಾವುದರಲ್ಲಿತ್ತು? ವಿವರಿಸಿರಿ.
3. ಶಾಲೆಯ ಪ್ರಯೋಗಾಲಯದ ಉಪಕರಣವೊಂದು ತಪ್ಪು ಅಳತೆ ತೋರುತ್ತಿದೆಯೆಂದು ಭಾವಿಸಿ, ಅಧ್ಯಾಪಕರಿಗೆ ವರದಿ ಬರೆಯಿರಿ.