ರಬ್ಬರ್ ಹಾಲು ಶೀಟ್ ಆಗುವ ಬಗೆ

ಹಾಲಿಗೆ ಲಿಂಬೆ ಹುಳಿ ಬಿದ್ದರೆ ಏನಾಗುತ್ತದೆ? ಹಾಲು ಒಡೆಯುತ್ತದೆ. ಗಟ್ಟಿ ಬೇರೆ, ನೀರು ಬೇರೆ ಆಗುತ್ತದೆ. ರಬ್ಬರ್ ಹಾಲಿಗೂ ಇಂಥದೇ ಗುಣ ಉಂಟು. ಕಾಸರಗೋಡಿನ ಗುಡ್ಡದ ಬದಿಯಲ್ಲಿ ಟ್ಯಾಪಿಂಗ್ ಮಾಡುವ ನಿಮಗೆ ಇದು ಹೊಸತಲ್ಲ. ಆದರೆ ಯಾಕೆ ಹೀಗೆ? ಇದನ್ನು ತಿಳಿದರೆ ಹಾಲು ಹಾಳಾಗುವುದಿಲ್ಲ. ಶೀಟಿಗೂ ಒಳ್ಳೆಯ ಬೆಲೆ ಸಿಗುತ್ತದೆ.

ಹಾಲಿನಲ್ಲಿ ಏನೇನು ಉಂಟು?

10 ಕಿಲೋ ಹಾಲಿನಲ್ಲಿ ಸುಮಾರು 3ರಿಂದ 4 ಕಿಲೋ ರಬ್ಬರ್ ಇರುತ್ತದೆ. ಉಳಿದದ್ದು ಹೆಚ್ಚಿನ ಪಾಲು ನೀರು. ಸ್ವಲ್ಪ ಸಕ್ಕರೆಯ ಅಂಶವೂ ಉಂಟು. ರಬ್ಬರ್ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತೇಲುತ್ತಾ ಇರುತ್ತದೆ. ಪ್ರತಿ ಕಣಕ್ಕೂ ಒಂದು ತೆಳು ಹೊದಿಕೆ. ಆ ಹೊದಿಕೆ ಸರಿ ಇರುವ ತನಕ ಕಣಗಳು ಒಂದಕ್ಕೊಂದು ಅಂಟುವುದಿಲ್ಲ.

ಹೆಪ್ಪಾಗುವುದು

ಹಾಲು ಗೆರಟೆಗೆ ಬಿದ್ದ ಕೂಡಲೇ ಕೀಟಾಣುಗಳು ಸೇರುತ್ತವೆ. ಸಕ್ಕರೆ ತಿಂದು ಹುಳಿ ಮಾಡುತ್ತವೆ. ಹುಳಿ ಹೆಚ್ಚಾದರೆ ಕಣಗಳು ಅಂಟಿ ಹೆಪ್ಪಾಗುತ್ತವೆ. ಗೆರಟೆಯಲ್ಲೇ ಹೆಪ್ಪಾದರೆ ಅದು ಒಟ್ಟುಪಾಲು. ಅದಕ್ಕೆ ಶೀಟಿನ ಬೆಲೆ ಇಲ್ಲ. ಹಾಗಾಗಿ ಗೆರಟೆ, ಬಕೆಟ್ ಚೆನ್ನಾಗಿ ತೊಳೆದು ಇಡಿ. ಹಾಲು ನಿಂತ ಕೂಡಲೇ ಒಟ್ಟು ಮಾಡಿ ತನ್ನಿ.

ಶೀಟ್ ಮಾಡುವಾಗ ನಾವೇ ಹುಳಿ ಹಾಕುತ್ತೇವೆ. ಹಾಲನ್ನು ಸೋಸಿ, ನೀರು ಬೆರೆಸಿ, ಟ್ರೇಗೆ ಹೊಯ್ದು, ತೆಳು ಮಾಡಿದ ಫಾರ್ಮಿಕ್ ಆಸಿಡ್ ಬೆರೆಸುತ್ತೇವೆ.

ಎಚ್ಚರ! ಆಸಿಡ್ ಮೈ ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಿ. ಆಸಿಡಿಗೆ ನೀರು ಹೊಯ್ಯಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಆಸಿಡ್ ಇಡಲೇಬೇಡಿ. ಈಗ ನಿಮಗೆ ಬರೆಯಲು ಬರುತ್ತದಲ್ಲ? ಆಸಿಡ್ ಬಾಟಲಿಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಒಣಗುವುದು

ಮೆಷಿನಿನಲ್ಲಿ ಒತ್ತಿದ ಶೀಟ್ ಬೆಳ್ಳಗೆ ಇರುತ್ತದೆ. ಯಾಕೆಂದರೆ ಒಳಗೆ ಇನ್ನೂ ನೀರು ಉಂಟು. ನೀರು ಹೋದ ಹಾಗೆ ಶೀಟ್ ಜೇನಿನ ಬಣ್ಣಕ್ಕೆ ಬರುತ್ತದೆ. ಬೆಳಕು ಅದರ ಮೂಲಕ ಕಾಣುತ್ತದೆ. ನೀರು ಇಳಿದ ಶೀಟನ್ನು ಹೊಗೆಯ ಕೋಣೆಯಲ್ಲಿ ಸಾಮಾನ್ಯವಾಗಿ 4–5 ದಿನ ಇಡುತ್ತಾರೆ. ಬಿಸಿಯಿಂದ ನೀರು ಆರುತ್ತದೆ. ಹೊಗೆಯಿಂದ ಬೂಸ್ಟು ಬರುವುದು ಕಡಿಮೆ.

ಮಾರುವ ಮೊದಲು ಶೀಟನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಕಲೆ ಕಂಡರೆ ಒಣಗಿದ್ದು ಸಾಲದು. ಅಂಗಡಿಯವರು ನೋಡುವುದೂ ಅದನ್ನೇ. ಹೊಗೆ ಕೊಟ್ಟ ಶೀಟಿಗೆ 1ರಿಂದ 5ರ ತನಕ ದರ್ಜೆ ಉಂಟು. ದರ್ಜೆ ಇಳಿದರೆ ಬೆಲೆಯೂ ಇಳಿಯುತ್ತದೆ.

ಹಳತಾಗುವುದು

ರಬ್ಬರಿನ ಒಳಗೆ ಬಹಳ ಉದ್ದದ, ಕಣ್ಣಿಗೆ ಕಾಣದ ಎಳೆಗಳು ಉಂಟು. ಅದರಿಂದಲೇ ರಬ್ಬರ್ ಎಳೆದರೆ ಹಿಗ್ಗುತ್ತದೆ. ಜೋರು ಬಿಸಿಲು ಮತ್ತು ಗಾಳಿ ಸೇರಿ ಈ ಎಳೆಗಳನ್ನು ತುಂಡು ಮಾಡುತ್ತವೆ. ಆಗ ಶೀಟ್ ಅಂಟಂಟಾಗುತ್ತದೆ. ಬಲ ಹೋಗುತ್ತದೆ. ತಾಮ್ರ ತಾಗಿದರೆ ಇನ್ನೂ ಬೇಗ ಹಾಳು. ಆದ್ದರಿಂದ ಹಾಲಿಗೆ ತಾಮ್ರ, ಹಿತ್ತಾಳೆಯ ಪಾತ್ರೆ ಬೇಡ. ಒಣಗಿದ ಶೀಟನ್ನು ಬಿಸಿಲಲ್ಲಿ ಬಿಡಬೇಡಿ. ತೇವವಿಲ್ಲದ, ನೆರಳಿನ ಜಾಗದಲ್ಲಿ ಇಡಿ.

ಉತ್ತರ ಬರೆಯಿರಿ

1. ಗೆರಟೆಯಲ್ಲಿ ಹಾಲು ತಾನಾಗಿ ಹೆಪ್ಪಾಗುವುದು ಯಾಕೆ?
2. ಶೀಟಿನಲ್ಲಿ ಬಿಳಿ ಕಲೆ ಕಂಡರೆ ಏನು ಅರ್ಥ?
3. ಒಂದು ಹಸಿ ಶೀಟಿನ ತೂಕ 700 ಗ್ರಾಂ. ಒಣಗಿದ ಮೇಲೆ 500 ಗ್ರಾಂ. ಎಷ್ಟು ನೀರು ಆರಿತು?
4. ಆಸಿಡ್ ಬಾಟಲಿಗೆ ಅಂಟಿಸುವ ಚೀಟಿ ಬರೆಯಿರಿ. ಮನೆಗೆ ಹೋಗಿ ಇವತ್ತೇ ಅಂಟಿಸಿ.