ವಿನ್ಯಾಸದ ವಿದ್ಯಾರ್ಥಿಗೆ ಗೆರೆಯ ನಿತ್ಯಾಭ್ಯಾಸ

ವಿನ್ಯಾಸವಿದ್ಯೆಯನ್ನು ಕಲಿಯಹೊರಟ ಬಸವಕಲ್ಯಾಣ, ಹುಮನಾಬಾದಿನ ಕಡೆಯ ತರುಣ ತರುಣಿಯರು ತಮ್ಮ ಸ್ಕೆಚ್ ಪುಸ್ತಕಗಳನ್ನು ತಂದು ತೋರಿಸಿದಾಗಲೆಲ್ಲ ಪುಟಗಳು ಅಂದವಾಗಿದ್ದರೂ ಅವುಗಳಲ್ಲಿ ಕಣ್ಣು ದುಡಿದ ಗುರುತು ಕಾಣುವುದು ಅಪೂರ್ವ. ಮೊಬೈಲಿನಲ್ಲಿ ದೊರೆತ ಚಿತ್ರವನ್ನು ನಕಲುಮಾಡಿ, ನೆರಳನ್ನು ಬೆರಳಿನಿಂದ ತೀಡಿ ನುಣುಪುಗೊಳಿಸುವುದು ಕೈಚಳಕವಾದೀತೇ ಹೊರತು ಅಭ್ಯಾಸವೆನಿಸದು.

ಸಾಮಗ್ರಿಯ ವಿಷಯದಲ್ಲಿ ಹೆಚ್ಚು ಹೇಳತಕ್ಕುದಿಲ್ಲ. ಗೆರೆಯಿಲ್ಲದ ಹಾಳೆಗಳ ಎ5 ಅಳತೆಯ ಪುಸ್ತಕ, ಒಂದು ಬಾಲ್ ಪೆನ್ನು, ಒಂದು 2ಬಿ ಪೆನ್ಸಿಲು ಇಷ್ಟೇ ಸಾಕು. ಬೆಲೆಬಾಳುವ ಪುಸ್ತಕವನ್ನು ಕೊಂಡವರು ಪುಟ ಕೆಟ್ಟೀತೆಂಬ ಭಯದಿಂದ ಅದನ್ನು ತೆರೆಯುವುದೇ ಇಲ್ಲ. ರಬ್ಬರನ್ನು ಮನೆಯಲ್ಲಿಯೇ ಬಿಡಿ. ಮೈಲುತುತ್ತದ ದ್ರಾವಣದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿದ ಲೋಹದ ಮೇಲೆ ಬೀದರಿನ ಬಿದ್ರಿ ಕುಶಲಕರ್ಮಿಯು ಮೊನಚಾದ ಸಲಾಕೆಯಿಂದ ಬಳ್ಳಿ ಹೂಗಳನ್ನು ಬರಿಗೈಯಲ್ಲಿ ಗೀರುವನಷ್ಟೆ; ಗೀರಿದ ಗೆರೆ ಲೋಹದಲ್ಲಿ ನಿಂತುಬಿಡುವುದರಿಂದ ಅವನು ಗೀರುವುದಕ್ಕೆ ಮೊದಲೇ ನೋಡಿಕೊಳ್ಳುತ್ತಾನೆ. ನೀವಾದರೋ ತಪ್ಪಿದ ಗೆರೆಯ ಪಕ್ಕದಲ್ಲಿಯೇ ಸರಿಯಾದುದನ್ನು ಎಳೆದು ಮುಂದೆ ಸಾಗಬಹುದು.

ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ಮಣಿಕಟ್ಟನ್ನಲ್ಲ, ಭುಜವನ್ನು ಆಡಿಸಿ ನೀಳವಾದ ಗೆರೆಗಳನ್ನೂ ದೀರ್ಘವೃತ್ತಗಳನ್ನೂ ಎಳೆಯಿರಿ. ಬಳಿಕ ಅಡಿಗೆಮನೆಯ ತಂಬಿಗೆಯನ್ನೋ ಲೋಟವನ್ನೋ ಎದುರಿಗಿಟ್ಟುಕೊಳ್ಳಿ. ಲೋಟದ ತಳವು ಮೇಜಿನ ಮೇಲೆ ಸಮನಾಗಿ ಕೂತಿದೆಯೆಂದು ಅದನ್ನು ನೇರಗೆರೆಯಾಗಿ ಬರೆಯುವವರೇ ಹೆಚ್ಚು. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ವೃತ್ತವು ಅಗಲವಾಗಿ ತೆರೆದುಕೊಳ್ಳುವುದರಿಂದ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿರಬೇಕು.

ವಾರಕ್ಕೊಮ್ಮೆಯಾದರೂ ಮನೆಯಿಂದ ಹೊರಬೀಳತಕ್ಕದ್ದು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲಾಬಾಲಿಕೆಯರಿದ್ದಾರೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವವಳು ಅವರಲ್ಲಿ ಪ್ರಸಿದ್ಧಳು. ಇವರ ಮುಂದೆ ಕುಳಿತ ವಿದ್ಯಾರ್ಥಿಯು ಮುಖದಿಂದ ಆರಂಭಿಸಿದನೆಂದರೆ ಚಿತ್ರ ಕೆಟ್ಟಿತೆಂದೇ ತಿಳಿಯಬೇಕು. ಕಣ್ಣು, ಕರ್ಣಾಭರಣ, ಹಾರದ ಒಂದೊಂದು ಮಣಿ ಎಂದು ಆಸ್ಥೆಯಿಂದ ಬರೆಯುತ್ತ ಸೊಂಟಕ್ಕೆ ಬರುವ ಹೊತ್ತಿಗೆ ಹಾಳೆಯೇ ಮುಗಿದು, ಕಾಲುಗಳನ್ನು ಕುಗ್ಗಿಸಿ ತುರುಕಬೇಕಾಗಿ, ತ್ರಿಭಂಗಿಯಲ್ಲಿ ನಿಂತ ಆಕೆ ಮುಗ್ಗರಿಸಿ ಬೀಳುತ್ತಿರುವಂತೆ ತೋರುತ್ತಾಳೆ. ಆದುದರಿಂದ ಮೊದಲು ನೆತ್ತಿಗೊಂದು, ಪಾದಕ್ಕೊಂದು ಗುರುತುಹಾಕಿ ಇಡೀ ಆಕೃತಿಯನ್ನು ಹಾಳೆಯೊಳಗೆ ಹಿಡಿದುಕೊಳ್ಳಿ. ಅನಂತರ ದಾರಕ್ಕೆ ಸಣ್ಣ ಕಲ್ಲೊಂದನ್ನು ಕಟ್ಟಿ, ಕೈನೀಡಿ, ಒಂದು ಕಣ್ಣು ಮುಚ್ಚಿ, ಕಂಠಕೂಪದಿಂದ ಇಳಿಬಿಟ್ಟು ನೋಡಿ. ಮೈಭಾರವನ್ನು ಹೊತ್ತ ಪಾದದ ಬಳಿಗೆ ದಾರವು ಬಂದು ನಿಲ್ಲುತ್ತದೆ. ಶಿಲ್ಪಶಾಸ್ತ್ರದ ಬ್ರಹ್ಮಸೂತ್ರವೂ ಇಂತಹ ಲಂಬರೇಖೆಯೇ. ಭಾರ ಹೊತ್ತ ಕಾಲಿನ ಕಡೆ ಕಟಿಯು ಮೇಲೆದ್ದಿರುತ್ತದೆ, ಭುಜವು ಇಳಿದಿರುತ್ತದೆ. ಈ ಎರಡು ಓರೆಗೆರೆಗಳು ಸರಿಯಾದರೆ ಮುಕ್ಕಾಲು ಕೆಲಸ ಮುಗಿಯಿತು. ತಲೆಯ ಉದ್ದವನ್ನು ಪೆನ್ಸಿಲಿನಿಂದ ಅಳೆದು, ದೇಹವು ಅದರ ಎಷ್ಟು ಪಾಲಿದೆಯೆಂದು ಎಣಿಸಿ. ಆಭರಣಗಳು ಕಟ್ಟಕಡೆಗೆ, ಅದೂ ವೇಳೆ ಉಳಿದರೆ! ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬೀಳುವ ಗೋಡೆಯನ್ನೇ ಆರಿಸಿಕೊಳ್ಳಿ. ಉಬ್ಬುತಗ್ಗುಗಳು ಆಗ ಸ್ಪಷ್ಟವಾಗುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯಲ್ಲಿ ಬರೆಯುವೆನೆಂಬುದು ಸೋಮಾರಿಯ ಮಾತು.

ಬಸವಕಲ್ಯಾಣದವರಿಗೆ ನಾರಾಯಣಪುರದ ಶಿವಾಲಯವು ಸಮೀಪ. ಕೋಟೆಯ ಬಾಗಿಲಲ್ಲಿ ಕಲ್ಲನ್ನು ಬರೆಯದೆ ಕಮಾನಿನೊಳಗಿನ ಬಯಲಿನ ಆಕಾರವನ್ನೇ ಬರೆಯಿರಿ. ಬಸ್ ನಿಲ್ದಾಣದಲ್ಲಿ ಒಬ್ಬೊಬ್ಬರಿಗೂ ಅರ್ಧ ನಿಮಿಷ ಮಾತ್ರ. ಪ್ರತಿ ಪುಟಕ್ಕೂ ತಾರೀಖು ಹಾಕಿ, ಪುಟ ಹರಿಯಬೇಡಿ.

ಕೊನೆಗೊಂದು ವಿನಂತಿ: ಶಾಸನದ ಅಕ್ಷರಗಳು ಎದ್ದು ಕಾಣಲೆಂದು ಸೀಮೆಸುಣ್ಣ ತೀಡುವುದನ್ನಾಗಲಿ, ಶಿಲ್ಪಕ್ಕೆ ಹಾಳೆ ಒತ್ತಿ ಪೆನ್ಸಿಲಿನಿಂದ ಉಜ್ಜುವುದನ್ನಾಗಲಿ ದಯವಿಟ್ಟು ಮಾಡಬೇಡಿ.